ಗ್ರೋಸ್ ಮೋರ್ನ್‌ನಲ್ಲಿ ಯಾವ ಜಾಡು ನಡೆಯಬೇಕು? ಬೆಟ್ಟವೋ, ಕಡಲ ದಂಡೆಯೋ, ಕೆಂಪು ಬಂಡೆಯೋ

ನಾವು ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಬಂದು ನೆಲೆಸಿದ ಮೇಲೆ, ಮೇ ತಿಂಗಳು ಬಂತೆಂದರೆ ಯಾರಾದರೊಬ್ಬ ಗೆಳೆಯರು ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. "ನ್ಯೂಫೌಂಡ್‌ಲ್ಯಾಂಡ್‌ಗೆ ಹೊರಟಿದ್ದೇವೆ, ಗ್ರೋಸ್ ಮೋರ್ನ್ ಬೆಟ್ಟ ಹತ್ತಬೇಕು, ಒಂದು ದಿನ ಸಾಕಲ್ವಾ?" ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಒಂದೇ ದಿನ ಇದ್ದರೆ ಬೆಟ್ಟ ಬಿಡಿ, ಗ್ರೀನ್ ಗಾರ್ಡನ್ಸ್ ಜಾಡಿಗೆ ಹೋಗಿ. ಮೂರು ದಿನ ಇದ್ದರೆ ಮಾತ್ರ ಬೆಟ್ಟದ ಯೋಚನೆ ಮಾಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ಅಲ್ಲಿಗೆ ಮೂರು ಸಲ ಹೋಗಿದ್ದೇನೆ. ಒಮ್ಮೆ ಇಬ್ಬರು ಗೆಳೆಯರ ಜೊತೆ, ಒಮ್ಮೆ ಊರಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ, ಒಮ್ಮೆ ಹೆಂಡತಿ ಮಕ್ಕಳ ಜೊತೆ. ಮೂರೂ ಸಲ ಬೇರೆ ಬೇರೆ ಜಾಡು ಆರಿಸಿಕೊಳ್ಳಬೇಕಾಯಿತು.

ಗ್ರೋಸ್ ಮೋರ್ನ್ ಬೆಟ್ಟದ ಎತ್ತರ 806 ಮೀಟರ್. ಇದನ್ನು ಕೇಳಿದ ತಕ್ಷಣ ನಮ್ಮವರಿಗೆ "ಇಷ್ಟೇನಾ" ಅನಿಸುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್, ಕುಮಾರಪರ್ವತ 1,712 ಮೀಟರ್, ಅವನ್ನೇ ಹತ್ತಿದ ನಮಗೆ ಇದು ಯಾವ ಲೆಕ್ಕ ಅಂತ. ನನಗೂ ಮೊದಲ ಸಲ ಹಾಗೇ ಅನಿಸಿತ್ತು. ಆದರೆ ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಇಲ್ಲಿ ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದಲೇ ನಡಿಗೆ ಶುರು. ಇನ್ನೊಂದು ವಿಷಯ, ನಮ್ಮ ಘಟ್ಟದಲ್ಲಿ 1,700 ಮೀಟರ್ ಎತ್ತರದ ಕಣಿವೆಗಳಲ್ಲೂ ಶೋಲಾ ಕಾಡು ದಟ್ಟವಾಗಿರುತ್ತದೆ ಅಲ್ವಾ, ಇಲ್ಲಿ ಮರಗಳು ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಭೂಪಟ ನೋಡಿದರೆ ಈ ಜಾಗ ಪ್ಯಾರಿಸ್‌ಗಿಂತ ತುಸುವೇ ಉತ್ತರಕ್ಕಿದೆ. ಆದರೆ ಲ್ಯಾಬ್ರಡಾರ್ ಎಂಬ ಕಡಲ ಪ್ರವಾಹ ಆರ್ಕ್‌ಟಿಕ್ ಕಡೆಯ ತಣ್ಣನೆ ನೀರನ್ನು ಈ ದ್ವೀಪದ ಪಕ್ಕಕ್ಕೇ ತಂದು ಸುರಿಯುತ್ತದೆ. ಹಾಗಾಗಿ 806 ಮೀಟರ್‌ನ ಈ ತುದಿಯಲ್ಲಿ ಆರ್ಕ್‌ಟಿಕ್ ಮೊಲ, ರಾಕ್ ಟಾರ್ಮಿಗನ್ ಹಕ್ಕಿ, ಕ್ಯಾರಿಬೂ ಜಿಂಕೆಗಳು ಬದುಕುತ್ತವೆ. ಎತ್ತರದ ಅಂಕಿ ನೋಡಿ ಇಲ್ಲಿ ಜಾಡು ಆರಿಸಬೇಡಿ.

ಜಾಗದ ಪರಿಚಯ ಸ್ವಲ್ಪ ಬೇಕು, ಇಲ್ಲದಿದ್ದರೆ ಹೋಲಿಕೆ ಅರ್ಥವಾಗುವುದಿಲ್ಲ. ಗ್ರೋಸ್ ಮೋರ್ನ್ ರಾಷ್ಟ್ರೀಯ ಉದ್ಯಾನ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಪಶ್ಚಿಮ ದಡದಲ್ಲಿದೆ. ವಿಸ್ತೀರ್ಣ 1,805 ಚದರ ಕಿಲೋಮೀಟರ್. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣ ಆಯಿತು. ಇಲ್ಲಿರುವ ಲಾಂಗ್ ರೇಂಜ್ ಬೆಟ್ಟಗಳು ಉತ್ತರ ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಬೆಟ್ಟಸಾಲಿನ ಉತ್ತರದ ತುದಿ. ಬೆಟ್ಟದ ಬುಡದಲ್ಲಿ ಬೋರಿಯಲ್ ಕಾಡು, ಅಂದರೆ ಬಾಲ್ಸಮ್ ಫರ್, ಕಪ್ಪು ಸ್ಪ್ರೂಸ್, ಬಿಳಿ ಬರ್ಚ್, ನಡುನಡುವೆ ಜೌಗು. ಕಡಲ ಗಾಳಿಗೆ ಸಿಕ್ಕ ಕಡೆ ಅದೇ ಫರ್ ಮತ್ತು ಸ್ಪ್ರೂಸ್ ಮರಗಳು ಸೊಂಟದ ಎತ್ತರಕ್ಕೆ ಕುಗ್ಗಿ, ಒಂದಕ್ಕೊಂದು ಹೆಣೆದುಕೊಂಡು, ಗಾಳಿ ತಳ್ಳಿದ ದಿಕ್ಕಿಗೇ ಬಾಗಿ ಬೆಳೆದಿರುತ್ತವೆ. ಇದಕ್ಕೆ ಅಲ್ಲಿಯ ಜನ ಟಕಮೋರ್ ಅನ್ನುತ್ತಾರೆ. ಟಕಮೋರ್ ಒಳಗೆ ನುಗ್ಗಿ ಹೋಗಲು ಆಗುವುದಿಲ್ಲ, ಇದನ್ನು ನೆನಪಿಡಿ. ಜಾಡು ತಪ್ಪಿದವರಿಗೆ ಅದು ಗೋಡೆ ಇದ್ದ ಹಾಗೆ.

ಇನ್ನೂ ಮುಖ್ಯವಾದದ್ದು, ಈ ಉದ್ಯಾನವನ್ನು ಬಾನ್ ಬೇ ಎಂಬ ಕೊಲ್ಲಿ ಎರಡು ಭಾಗ ಮಾಡಿದೆ. ಉತ್ತರದಲ್ಲಿ ರಾಕಿ ಹಾರ್ಬರ್, ನಾರಿಸ್ ಪಾಯಿಂಟ್ ಊರುಗಳು. ಗ್ರೋಸ್ ಮೋರ್ನ್ ಬೆಟ್ಟ, ವೆಸ್ಟರ್ನ್ ಬ್ರೂಕ್ ಪಾಂಡ್, ಬೇಕರ್ಸ್ ಬ್ರೂಕ್ ಜಲಪಾತ ಎಲ್ಲ ಈ ಕಡೆ. ದಕ್ಷಿಣದಲ್ಲಿ ವುಡಿ ಪಾಯಿಂಟ್, ಟ್ರೌಟ್ ರಿವರ್ ಊರುಗಳು. ಟೇಬಲ್‌ಲ್ಯಾಂಡ್ಸ್, ಗ್ರೀನ್ ಗಾರ್ಡನ್ಸ್, ಲುಕ್‌ಔಟ್ ಜಾಡುಗಳು ಆ ಕಡೆ. ನೀರಿನ ಆಚೆ ದಡ ಕಣ್ಣಿಗೆ ಹತ್ತಿರವೇ ಕಾಣುತ್ತದೆ, ಆದರೆ ಕಾರಿನಲ್ಲಿ ಕೊಲ್ಲಿ ಸುತ್ತಿ ಹೋಗಲು ಸುಮಾರು 70 ಕಿಲೋಮೀಟರ್, ಅಂದರೆ ಒಂದು ಗಂಟೆ ಬೇಕು. ಬಹಳ ಜನ ರೂಮು ಸಿಕ್ಕ ಕಡೆ ಬುಕ್ ಮಾಡಿ, ಆಮೇಲೆ ಜಾಡು ಹುಡುಕುತ್ತಾರೆ. ಮೊದಲು ಜಾಡು ಆರಿಸಿ, ಆಮೇಲೆ ಯಾವ ದಡದಲ್ಲಿ ಉಳಿಯಬೇಕು ಅಂತ ನೋಡಿ. ಎರಡು ರಾತ್ರಿಗಿಂತ ಜಾಸ್ತಿ ಇದ್ದರೆ ಅರ್ಧ ಈ ಕಡೆ, ಅರ್ಧ ಆ ಕಡೆ ಉಳಿಯುವುದು ಒಳ್ಳೆಯದು.

ಈಗ ಬೆಟ್ಟಕ್ಕೆ ಬರೋಣ. ಗ್ರೋಸ್ ಮೋರ್ನ್ ಬೆಟ್ಟದ ಜಾಡು ಹೋಗಿ ಬರಲು 16-17 ಕಿಲೋಮೀಟರ್, ಆರರಿಂದ ಎಂಟು ಗಂಟೆ. ಮೊದಲ ನಾಲ್ಕು ಕಿಲೋಮೀಟರ್ ಕಾಡಿನೊಳಗೆ ನಿಧಾನಕ್ಕೆ ಏರುವ ದಾರಿ. ಅಷ್ಟು ನಡೆದ ಮೇಲೆ ಬೆಟ್ಟದ ಬುಡ ಸಿಗುತ್ತದೆ. ಅಲ್ಲಿ ನಿಂತು ತಲೆ ಎತ್ತಿ ನೋಡಿದರೆ ಎದುರಿಗೆ ಕಲ್ಲಿನ ಕೊರಕಲು. ಇದನ್ನೇ ಗಲ್ಲಿ ಅನ್ನುತ್ತಾರೆ. ನಮ್ಮೂರಿನ ಬೀದಿಯ ಗಲ್ಲಿ ಇದಲ್ಲ, ಬೆಟ್ಟದ ಮೈಯಲ್ಲಿ ಸೀಳಿದ ಕಡಿದಾದ ಸಂದಿ, ಪೂರ್ತಿ ಸಡಿಲ ಕಲ್ಲು. ಕಾಲಿಟ್ಟ ಕಲ್ಲು ಅಲುಗಾಡುತ್ತದೆ, ಕೆಲವು ಕಡೆ ಕೈಯನ್ನೂ ಊರಬೇಕು, ಮುಂದಿನವರ ಕಾಲಡಿಯಿಂದ ಕಲ್ಲು ಜಾರಿ ಬಂದರೆ ಅಂತ ಅಂತರ ಬಿಟ್ಟು ಹತ್ತಬೇಕು. ಗಲ್ಲಿಯಲ್ಲಿ ಮೇಲಕ್ಕೆ ಮಾತ್ರ ಹೋಗಬೇಕು. ಇಳಿಯುವುದು ಬೆಟ್ಟದ ಹಿಂಭಾಗದಿಂದ, ಫೆರಿ ಗಲ್ಚ್ ಎಂಬ ಕಣಿವೆಯ ಮೂಲಕ. ಗಲ್ಲಿಯ ಬುಡದಲ್ಲೇ ಒಮ್ಮೆ ಕೂತು ಯೋಚಿಸಿ. ಮೋಡ ತುದಿಗೆ ಕೂತಿದ್ದರೆ, ಮಳೆ ಹನಿಯುತ್ತಿದ್ದರೆ, ಜೊತೆಯಲ್ಲಿರುವ ಒಬ್ಬರಿಗೆ ಮಂಡಿ ನೋವು ಶುರುವಾಗಿದ್ದರೆ, ಅಲ್ಲಿಂದಲೇ ವಾಪಸ್ ಬನ್ನಿ. ಅಲ್ಲಿಂದ ಮುಂದಕ್ಕೆ ಹೋದ ಮೇಲೆ ಸುತ್ತು ಪೂರ್ತಿ ಮಾಡಲೇಬೇಕಾಗುತ್ತದೆ.

ಮೊದಲ ಸಲ ನಾವು ಮಾಡಿದ ತಪ್ಪು ಅದೇ. ನಮ್ಮ ಹತ್ತಿರ ಇದ್ದದ್ದು ಒಂದೇ ದಿನ. ಬೆಳಗ್ಗೆ ಎದ್ದಾಗಲೇ ಮೋಡ ಕವಿದಿತ್ತು. ಇಷ್ಟು ದೂರ ಬಂದು, ಹಡಗು ಹತ್ತಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದು ಬೆಟ್ಟ ಹತ್ತದೆ ಹೋಗುವುದಾ ಅಂತ ಹೊರಟೆವು. ಗಲ್ಲಿಯ ಅರ್ಧದಲ್ಲಿ ಮಂಜು ಬಂತು. ತುದಿಯಲ್ಲಿ ಬೋರ್ಡು ಒಂದು ಕಂಡಿತು, ಅದರ ಹಿಂದೆ ಬಿಳಿ ಗೋಡೆ. ಗಾಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಒಬ್ಬ ಗೆಳೆಯ ಜೀನ್ಸ್ ಹಾಕಿಕೊಂಡು ಬಂದಿದ್ದ, ಅದು ಒದ್ದೆಯಾಗಿ ಅವನ ಕಾಲು ನಡುಗಲು ಶುರುವಾಯಿತು, ಬೆರಳು ಮರಗಟ್ಟಿ ಜಾಕೆಟ್ಟಿನ ಜಿಪ್ ಎಳೆಯಲು ಅವನಿಗೆ ಆಗಲಿಲ್ಲ. ಅದು ಜುಲೈ ತಿಂಗಳು. ನಮಗೆ ಆ ದಿನ ನಿಜಕ್ಕೂ ಭಯವಾಯಿತು. ಮೂರನೇ ಸಲ ಹೋದಾಗ ನಾಲ್ಕು ದಿನ ಇಟ್ಟುಕೊಂಡು, ಆಕಾಶ ತಿಳಿಯಾದ ದಿನ ನಾನೊಬ್ಬನೇ ಮತ್ತೆ ಹತ್ತಿದೆ. ಹಿಂಭಾಗದ ಅಂಚಿನಿಂದ ಟೆನ್ ಮೈಲ್ ಪಾಂಡ್ ಕಂಡಿತು. ಹಿಮನದಿ ಕೊರೆದ ಆಳವಾದ ಕಣಿವೆ, ಎರಡೂ ಕಡೆ ನೇರ ಬಂಡೆ, ಕೆಳಗೆ ಕಪ್ಪು ನೀರು, ಅದರಾಚೆ ಲಾಂಗ್ ರೇಂಜ್‌ನ ಬೋಳು ಹಾಸು. ಮೊದಲ ಸಲ ನಾವು ಅದೇ ಅಂಚಿನ ಪಕ್ಕದಲ್ಲೇ ನಡೆದಿದ್ದೆವು, ಏನೂ ಕಂಡಿರಲಿಲ್ಲ.

ಅದಕ್ಕೇ ಮೂರು ದಿನ ಅನ್ನುವುದು. ಬೆಟ್ಟಕ್ಕೆ ಒಂದು ತಾರೀಕು ಗೊತ್ತುಮಾಡಬೇಡಿ. ಮೂರು ದಿನದಲ್ಲಿ ಯಾವ ದಿನ ತುದಿ ಮೋಡ ಬಿಡಿಸಿಕೊಂಡಿರುತ್ತದೋ ಆ ದಿನ ಹತ್ತಿ, ಉಳಿದ ಜಾಡುಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಿ. ಇನ್ನೊಂದು ಗಮನಿಸಿ, ವಸಂತದಿಂದ ಜೂನ್ ಕೊನೆಯ ಹೊತ್ತಿನವರೆಗೆ ಬೆಟ್ಟದ ಮೇಲಿನ ಭಾಗ ಮುಚ್ಚಿರುತ್ತದೆ. ಅದು ಅಲ್ಲಿಯ ಪ್ರಾಣಿ ಪಕ್ಷಿಗಳು ಮರಿ ಮಾಡುವ ಕಾಲ, ಕರಗುವ ಹಿಮದಿಂದ ನೆಲವೂ ಮೆತ್ತಗಿರುತ್ತದೆ. ಆ ಹೊತ್ತಿನಲ್ಲಿ ರಜೆ ಹಾಕಿಕೊಂಡು ಬಂದು ಬೇಸರ ಮಾಡಿಕೊಂಡವರು ನನಗೆ ಗೊತ್ತು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಅನ್ನುವುದನ್ನೂ ಸೇರಿಸುತ್ತೇನೆ. ಫೆರಿ ಗಲ್ಚ್ ಕಡೆಯ ದಾರಿ ಉದ್ದಕ್ಕೂ ಕಲ್ಲು, ಮುಗಿಯಿತು ಅಂದುಕೊಂಡ ಮೇಲೂ ಕಾಡಿನ ಆ ನಾಲ್ಕು ಕಿಲೋಮೀಟರ್ ಬಾಕಿ ಇರುತ್ತದೆ. ನಡೆಯುವ ಕೋಲು ಇಲ್ಲದೆ ಹೋಗಬೇಡಿ.

ಗ್ರೀನ್ ಗಾರ್ಡನ್ಸ್ ನನಗೆ ಯಾಕೆ ಅಷ್ಟು ಇಷ್ಟ ಅಂದರೆ, ಹೋಗಿ ಬರುವ 9-10 ಕಿಲೋಮೀಟರ್‌ನಲ್ಲಿ ನೀವು ಮೂರು ಲೋಕ ದಾಟುತ್ತೀರಿ. ವುಡಿ ಪಾಯಿಂಟ್‌ನಿಂದ ಟ್ರೌಟ್ ರಿವರ್‌ಗೆ ಹೋಗುವ ರಸ್ತೆಯಲ್ಲಿ ಶುರು. ಮೊದಲು ಬೋಳು ಕೆಂಗಲ್ಲಿನ ನೆಲ, ಹಿಂದೆ ತಿರುಗಿದರೆ ಟೇಬಲ್‌ಲ್ಯಾಂಡ್ಸ್‌ನ ದೊಡ್ಡ ಹಾಸು. ಆಮೇಲೆ ಫರ್ ಕಾಡು, ಒಳಗೆ ಪಾಚಿ, ತೇವದ ವಾಸನೆ, ಕಾಲಡಿಯಲ್ಲಿ ಮೆತ್ತನೆ ಸೂಜಿ ಎಲೆ. ದಾರಿ ಇಳಿಯುತ್ತಾ ಇಳಿಯುತ್ತಾ ಇದ್ದಕ್ಕಿದ್ದಂತೆ ಕಾಡು ಮುಗಿದು ಎದುರಿಗೆ ಕಡಲು. ಬಂಡೆಯ ಅಂಚಿನ ಮೇಲೆ ಹಸಿರು ಹುಲ್ಲುಗಾವಲು, ಹಳ್ಳಿಯವರು ಕುರಿ ಮೇಯಿಸಿದ ಜಾಗ. ಹೆಸರು ಬಂದದ್ದೂ ಈ ಹಸಿರಿನಿಂದಲೇ. ಕೆಳಗೆ ಜ್ವಾಲಾಮುಖಿಯ ಕಲ್ಲಿನ ದಂಡೆ. ಸಮುದ್ರದ ನೀರೊಳಗೆ ಉಕ್ಕಿ ದಿಂಬಿನಂತೆ ಗಟ್ಟಿಯಾದ ಲಾವಾ, ಅಲೆ ಕೊರೆದು ಬಿಟ್ಟ ಕಂಬಗಳು. ಮೆಟ್ಟಿಲಿಳಿದು ದಂಡೆಗೆ ಹೋಗಬಹುದು. ಭರತದ ಹೊತ್ತು ನೋಡಿಕೊಂಡು ಹೋಗಿ, ನೀರು ಇಳಿದಾಗಲೇ ದಂಡೆಯಲ್ಲಿ ಓಡಾಡಲು ಜಾಗ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಈ ಜಾಡನ್ನು ಮೋಡ ಕೆಡಿಸುವುದಿಲ್ಲ. ಬೆಟ್ಟದ ತುದಿ ಮಂಜಿನಲ್ಲಿ ಮುಳುಗಿದ ದಿನವೂ ಕಡಲ ಮಟ್ಟದಲ್ಲಿ ಸಾಮಾನ್ಯವಾಗಿ ನೋಟ ಇರುತ್ತದೆ. ಸಣ್ಣ ಮಳೆ ಬಂದರೂ ಕಾಡಿನೊಳಗೆ ನಡೆಯಲು ಖುಷಿಯೇ. ಒಂದೇ ದಿನಕ್ಕೆ ಬಂದವರಿಗೆ ಇಷ್ಟು ಭರವಸೆ ಬೆಟ್ಟ ಕೊಡುವುದಿಲ್ಲ. ಒಂದೇ ತೊಂದರೆ, ಇಲ್ಲಿ ಮೊದಲು ಇಳಿತ, ಆಮೇಲೆ ಏರು. ಹೋಗುವಾಗ ಹಗುರ, ದಂಡೆಯಲ್ಲಿ ಎರಡು ಗಂಟೆ ಕಳೆದು ಹೊಟ್ಟೆ ತುಂಬಿದ ಮೇಲೆ ಕಡಲಿನಿಂದ ಮೇಲಕ್ಕೆ ಹತ್ತಿ ಬರಬೇಕು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಏರಿನಲ್ಲಿ ಹತ್ತು ಸಲ ಕೂತಳು, ಆದರೆ ತಾನೇ ನಡೆದು ಬಂದಳು. ಮಕ್ಕಳಿದ್ದರೆ ನಾಲ್ಕು ಗಂಟೆಯ ಬದಲು ಆರು ಗಂಟೆ ಇಟ್ಟುಕೊಳ್ಳಿ, ವಾಪಸ್ ಏರಿಗೆ ನೀರು ಉಳಿಸಿಕೊಳ್ಳಿ.

ಟೇಬಲ್‌ಲ್ಯಾಂಡ್ಸ್ ಜಾಡು ಅದೇ ರಸ್ತೆಯಲ್ಲಿ, ಹೋಗಿ ಬರಲು 4 ಕಿಲೋಮೀಟರ್. ಹೆಚ್ಚುಕಡಿಮೆ ಸಮತಟ್ಟು. ಹಾಗಾಗಿ ಬಹಳ ಜನ "ಸುಮ್ನೆ ಇಳಿದು ಒಂದು ಫೋಟೊ" ಅಂತ ಹತ್ತು ನಿಮಿಷ ನಿಂತು ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ, ದಯವಿಟ್ಟು. ಅಲ್ಲಿ ನೀವು ನಿಂತಿರುವುದು ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಕಲ್ಲಿನ ಮೇಲೆ. ಸುಮಾರು 50 ಕೋಟಿ ವರ್ಷದ ಹಿಂದೆ ಇಲ್ಲಿದ್ದ ಹಳೆಯ ಸಾಗರ ಮುಚ್ಚಿಕೊಳ್ಳುತ್ತಾ ಬಂದಾಗ, ಸಾಗರದ ತಳವೂ ಅದರಡಿಯ ಮ್ಯಾಂಟಲ್‌ನ ಒಂದು ತುಂಡೂ ಖಂಡದ ಮೇಲೆ ಏರಿ ಕೂತವು. ಭೂಮಿಯ ಫಲಕಗಳು ಚಲಿಸುತ್ತವೆ ಅನ್ನುವ ಮಾತಿಗೆ ಈ ಜಾಗ ಕಣ್ಣೆದುರಿನ ಸಾಕ್ಷಿ, ಯುನೆಸ್ಕೊ ಪಟ್ಟಿಗೆ ಸೇರಿದ್ದಕ್ಕೂ ಅದೇ ಮುಖ್ಯ ಕಾರಣ. ಕಲ್ಲಿನ ಹೆಸರು ಪೆರಿಡೊಟೈಟ್. ಒಡೆದರೆ ಒಳಗೆ ಕಡು ಹಸಿರು, ಹೊರಗೆ ಕಬ್ಬಿಣಾಂಶ ತುಕ್ಕು ಹಿಡಿದು ಕಿತ್ತಳೆ ಬಣ್ಣ. ಅದರಲ್ಲಿ ಮೆಗ್ನೀಸಿಯಂ, ನಿಕ್ಕಲ್, ಕ್ರೋಮಿಯಂ ಜಾಸ್ತಿ, ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಕಡಿಮೆ. ಅದಕ್ಕೇ ರಸ್ತೆಯ ಒಂದು ಕಡೆ ಕಾಡು, ಇನ್ನೊಂದು ಕಡೆ ಮರುಭೂಮಿ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸುತ್ತ ಕ್ರೋಮೈಟ್ ಸಿಗುವುದೂ ಇದೇ ಬಗೆಯ ಕಲ್ಲಿನಲ್ಲಿ, ಆದರೆ ನಮ್ಮದು ಇದಕ್ಕಿಂತ ಎಷ್ಟೋ ಪಾಲು ಹಳೆಯದು.

ಆ ಬೋಳು ನೆಲದಲ್ಲಿ ನೀರು ಜಿನುಗುವ ಕಡೆ ಬಗ್ಗಿ ನೋಡಿ. ಹೂಜಿ ಗಿಡ ಸಿಗುತ್ತದೆ. ಎಲೆಯೇ ಹೂಜಿಯ ಹಾಗೆ ಮಡಚಿಕೊಂಡು, ಒಳಗೆ ನೀರು ತುಂಬಿಕೊಂಡು, ಬಿದ್ದ ಹುಳುಗಳಿಂದ ಪೋಷಣೆ ಪಡೆಯುವ ಗಿಡ. ಇದೇ ಈ ಪ್ರಾಂತ್ಯದ ಹೂವು. ಉದ್ಯಾನದ ಸಿಬ್ಬಂದಿ ಬೇಸಿಗೆಯಲ್ಲಿ ಇಲ್ಲಿ ಜೊತೆಗೆ ನಡೆದು ವಿವರಿಸುತ್ತಾರೆ. ಸಮಯ ಹೊಂದಿದರೆ ಅವರ ಜೊತೆಯೇ ಹೋಗಿ. ಅಮ್ಮನಿಗೆ ಮಂಡಿ ನೋವು, ಆದರೂ ಆಕೆ ಈ ಜಾಡು ಪೂರ್ತಿ ನಡೆದರು. ವಿಂಟರ್‌ಹೌಸ್ ಬ್ರೂಕ್ ಕಣಿವೆಯ ಬಾಯಿಯಲ್ಲಿ ಕಲ್ಲಿನ ಮೇಲೆ ಕೂತು, ಮರ ಇಲ್ಲದ ಬೆಟ್ಟ ಇಷ್ಟು ಚಂದ ಇರುತ್ತದೆ ಅಂತ ಗೊತ್ತಿರಲಿಲ್ಲ ಅಂದರು. ಒಂದು ಎಚ್ಚರಿಕೆ, ಇಲ್ಲಿ ಗಾಳಿಗೆ ತಡೆಯೇ ಇಲ್ಲ. ನಡಿಗೆ ಸುಲಭ ಅಂತ ಟೀ ಶರ್ಟಿನಲ್ಲಿ ಹೊರಡಬೇಡಿ.

ಲುಕ್‌ಔಟ್ ಜಾಡಿನ ಬಗ್ಗೆ ಯಾರೂ ಅಷ್ಟಾಗಿ ಹೇಳುವುದಿಲ್ಲ. ವುಡಿ ಪಾಯಿಂಟ್‌ನ ಡಿಸ್ಕವರಿ ಸೆಂಟರ್, ಅಂದರೆ ಉದ್ಯಾನದ ಮಾಹಿತಿ ಕೇಂದ್ರದಿಂದ ಶುರುವಾಗುವ 5 ಕಿಲೋಮೀಟರ್‌ನ ಸುತ್ತು, ಎರಡು ಮೂರು ಗಂಟೆ. ಏರು ಕಡಿದಾಗಿದೆ, ಉಸಿರು ಕಟ್ಟುತ್ತದೆ, ಆದರೆ ಸಡಿಲ ಕಲ್ಲಿನ ಭಯ ಇಲ್ಲ. ಮೇಲೆ ನಿಂತರೆ ಬಾನ್ ಬೇ, ಟೇಬಲ್‌ಲ್ಯಾಂಡ್ಸ್, ದೂರದಲ್ಲಿ ಗ್ರೋಸ್ ಮೋರ್ನ್ ಬೆಟ್ಟ, ಮೂರೂ ಒಟ್ಟಿಗೆ ಕಾಣುತ್ತವೆ. ಬೆಟ್ಟದ ಮೇಲೆ ಹೋದವರಿಗೆ ಬೆಟ್ಟವೇ ಕಾಣುವುದಿಲ್ಲ ಅಲ್ವಾ. ಎತ್ತರದಿಂದ ನೋಡಬೇಕು, ಆದರೆ ಎಂಟು ಗಂಟೆ ನಡೆಯುವ ಶಕ್ತಿ ಇಲ್ಲ ಅನ್ನುವವರು ಇದನ್ನೇ ಆರಿಸಿಕೊಳ್ಳಲಿ. ಸಂಜೆ ಬೆಳಕು ಇದ್ದಾಗ ಇನ್ನೂ ಚೆನ್ನ.

ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ ವೆಸ್ಟರ್ನ್ ಬ್ರೂಕ್ ಪಾಂಡ್. ದೋಣಿಕಟ್ಟೆಗೆ 3 ಕಿಲೋಮೀಟರ್ ಹೋಗಬೇಕು, 3 ಕಿಲೋಮೀಟರ್ ಬರಬೇಕು, ಅಗಲವಾದ ಸಮ ದಾರಿ, ಎರಡೂ ಕಡೆ ಜೌಗು ಮತ್ತು ಕುಳ್ಳ ಸ್ಪ್ರೂಸ್. ಹೆಸರು ಪಾಂಡ್, ಅಂದರೆ ಕೊಳ, ಆದರೆ 16 ಕಿಲೋಮೀಟರ್ ಉದ್ದ, 165 ಮೀಟರ್ ಆಳ. ಹಿಂದೆ ಇದು ಕಡಲಿಗೆ ಸೇರಿದ್ದ ಫ್ಯೋರ್ಡ್, ಅಂದರೆ ಹಿಮನದಿ ಕೊರೆದ ಕಣಿವೆಯೊಳಗೆ ಕಡಲು ನುಗ್ಗಿದ ಕಿರಿದಾದ ಕೊಲ್ಲಿ. ಹಿಮದ ಭಾರ ಹೋದ ಮೇಲೆ ನೆಲ ಮೇಲೆದ್ದು, ಕಡಲಿನಿಂದ ಬೇರೆಯಾಗಿ, ಈಗ ಸಿಹಿನೀರು. ಎರಡು ಗಂಟೆಯ ದೋಣಿ ಪ್ರಯಾಣದಲ್ಲಿ ಎರಡೂ ಬದಿಯ ಬಂಡೆಗೋಡೆಗಳ ನಡುವೆ ಕರೆದುಕೊಂಡು ಹೋಗುತ್ತಾರೆ. ಅಪ್ಪ ಆ ಗೋಡೆಗಳಿಂದ ಧುಮುಕುವ ನೀರು ನೋಡಿ, ಜೋಗದ ಮಳೆಗಾಲ ನೆನಪಾಯಿತು ಅಂತ ಸುಮಾರು ಹೊತ್ತು ಮಾತಾಡಲೇ ಇಲ್ಲ. ದೋಣಿಗೆ ಮೊದಲೇ ಸೀಟು ಕಾಯ್ದಿರಿಸಿ. ಗಾಳಿ ಜೋರಿದ್ದರೆ ಹೊರಡುವುದಿಲ್ಲ, ಹಾಗಾಗಿ ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಮತ್ತೆ, ಕಾರಿನಿಂದ ದೋಣಿಯವರೆಗಿನ ನಡಿಗೆಗೆ ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ.

ಬೇಕರ್ಸ್ ಬ್ರೂಕ್ ಜಲಪಾತದ ಜಾಡು 10 ಕಿಲೋಮೀಟರ್, ಏರಿಳಿತ ಕಡಿಮೆ, ಪೂರ್ತಿ ಫರ್ ಕಾಡು. ಜಲಪಾತ ನೋಡಲೆಂದೇ ಹೋದರೆ ನಮ್ಮವರಿಗೆ ಸಪ್ಪೆ ಅನಿಸಬಹುದು. ಕಾಡು ನೋಡಲು ಹೋಗಿ. ಇಲ್ಲಿಯ ಕಾಡಿಗೆ ಒಂದು ದೊಡ್ಡ ನೋವಿದೆ, ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳುವುದೂ ಇಲ್ಲ. ಈ ದ್ವೀಪದಲ್ಲಿ ಮೊದಲು ಮೂಸ್ ಎಂಬ ದೈತ್ಯ ಜಿಂಕೆ ಇರಲೇ ಇಲ್ಲ. 1878ರಲ್ಲಿ ಒಂದು ಜೋಡಿ, 1904ರಲ್ಲಿ ನಾಲ್ಕು ಮೂಸ್‌ಗಳನ್ನು ಹೊರಗಿನಿಂದ ತಂದು ಬಿಟ್ಟರು. ಅವನ್ನು ಬೇಟೆಯಾಡಬಲ್ಲ ತೋಳ 20ನೇ ಶತಮಾನದ ಮೊದಲ ಭಾಗದಲ್ಲೇ ದ್ವೀಪದಿಂದ ಅಳಿದುಹೋಯಿತು. ಈಗ ದ್ವೀಪದಲ್ಲಿ ಮೂಸ್ ಲೆಕ್ಕ ಲಕ್ಷದ ಆಸುಪಾಸು. ಅವಕ್ಕೆ ಎಳೆ ಬಾಲ್ಸಮ್ ಫರ್ ಅಂದರೆ ಪ್ರಾಣ. ಹಳೆ ಮರ ಬಿದ್ದ ಜಾಗದಲ್ಲಿ ಹೊಸ ಸಸಿ ಮೊಳಕಾಲ ಎತ್ತರಕ್ಕೆ ಬರುವಷ್ಟರಲ್ಲಿ ತಿಂದು ಮುಗಿಸುತ್ತವೆ. ಹಾಗಾಗಿ ಕಾಡಿನ ನಡುವೆ ದೊಡ್ಡ ದೊಡ್ಡ ಹುಲ್ಲಿನ ಖಾಲಿ ಜಾಗಗಳು. ನೋಡಲು ಚಂದ, ಆದರೆ ಅದು ಕಾಡು ಸೋತ ಜಾಗ. ಉದ್ಯಾನದವರು ಕೆಲವು ಕಡೆ ಬೇಲಿ ಹಾಕಿ ಮೂಸ್ ಒಳಗೆ ಬಾರದಂತೆ ಮಾಡಿದ್ದಾರೆ, ಬೇಲಿಯ ಒಳಗೆ ಎಳೆ ಮರ ಒತ್ತೊತ್ತಾಗಿ, ಹೊರಗೆ ಬರೀ ಹುಲ್ಲು. 2011ರಿಂದ ಉದ್ಯಾನದೊಳಗೇ ನಿಯಂತ್ರಿತ ಬೇಟೆಗೂ ಅವಕಾಶ ಕೊಟ್ಟರು. ಬೇಟೆ ಅಂದರೆ ನನಗೆ ಹಿಂಸೆ ಆಗುತ್ತದೆ, ಆದರೆ ಆ ಖಾಲಿ ಜಾಗಗಳನ್ನು ಕಣ್ಣಾರೆ ನೋಡಿದ ಮೇಲೆ ಬೇರೆ ದಾರಿ ಏನು ಅಂತ ಹೇಳಲು ನನಗೂ ತೋಚಲಿಲ್ಲ.

ಕಡಲ ಮಟ್ಟದಲ್ಲೇ ಒಂದೆರಡು ಗಂಟೆ ನಡೆಯಬೇಕು ಅನ್ನುವವರಿಗೆ ಗ್ರೀನ್ ಪಾಯಿಂಟ್ ಹತ್ತಿರದ ಕೋಸ್ಟಲ್ ಜಾಡು, 6 ಕಿಲೋಮೀಟರ್, ಸಮ ನೆಲ. ಟಕಮೋರ್ ಅನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪಕ್ಕದ ಗ್ರೀನ್ ಪಾಯಿಂಟ್ ಬಂಡೆಯಲ್ಲಿ ಪದರ ಪದರವಾಗಿ ನೆಟ್ಟಗೆ ನಿಂತ ಕಲ್ಲು ಇದೆ. ಭೂಮಿಯ ಇತಿಹಾಸದಲ್ಲಿ ಕೇಂಬ್ರಿಯನ್ ಎಂಬ ಕಾಲ ಮುಗಿದು ಆರ್ಡೊವಿಶಿಯನ್ ಎಂಬ ಕಾಲ ಶುರುವಾದ ಗಡಿಗೆ ಇಡೀ ಜಗತ್ತು ಅಳತೆಗೋಲಾಗಿ ಒಪ್ಪಿಕೊಂಡಿರುವುದು ಆ ಪದರಗಳನ್ನೇ. ನೀರು ಇಳಿದಾಗ ಹೋಗಿ.

ಲಾಂಗ್ ರೇಂಜ್ ಟ್ರಾವರ್ಸ್ ಬಗ್ಗೆಯೂ ಕೇಳುತ್ತಾರೆ. ಸುಮಾರು 35 ಕಿಲೋಮೀಟರ್, ನಾಲ್ಕೈದು ದಿನ, ವೆಸ್ಟರ್ನ್ ಬ್ರೂಕ್ ಪಾಂಡ್‌ನ ಆ ತುದಿಗೆ ದೋಣಿಯಲ್ಲಿ ಇಳಿಸಿಕೊಂಡು ಬೆಟ್ಟದ ಮೇಲಿನ ಹಾಸು ದಾಟಿ ಬರುವುದು. ಅಲ್ಲಿ ಜಾಡೇ ಇಲ್ಲ, ಗುರುತೂ ಇಲ್ಲ. ಮೂಸ್ ಓಡಾಡಿದ ದಾರಿಗಳು ಜಾಡಿನಂತೆ ಕಂಡು ಟಕಮೋರ್ ಒಳಗೆ ಕರೆದುಕೊಂಡು ಹೋಗಿ ಬಿಡುತ್ತವೆ. ಭೂಪಟ, ದಿಕ್ಸೂಚಿ ಹಿಡಿದು ಮಂಜಿನಲ್ಲಿ ನಡೆಯಲು ಬರುವವರಿಗೆ ಮಾತ್ರ. ಪರವಾನಗಿ ಬೇಕು, ಹೊರಡುವ ಮುಂಚೆ ಉದ್ಯಾನದವರ ತಿಳಿವಳಿಕೆ ತರಗತಿ ಕಡ್ಡಾಯ. ನಾನು ಮಾಡಿಲ್ಲ, ಫೋನಿನ ಜಿಪಿಎಸ್ ನಂಬಿಕೊಂಡು ಹೊರಡುವವರಿಗೆ ಬೇಡ ಅಂತಲೇ ಹೇಳುತ್ತೇನೆ.

ಕಾಲದ ವಿಷಯಕ್ಕೆ ಬಂದರೆ, ನನ್ನ ಆಯ್ಕೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಮಲೆನಾಡಿನಲ್ಲಿ ನಡೆದವರಿಗೆ ಜಿಗಣೆಯ ಅಭ್ಯಾಸ ಇರುತ್ತದೆ. ಇಲ್ಲಿ ಅದಿಲ್ಲ, ಆದರೆ ಜೂನ್ ಜುಲೈನಲ್ಲಿ ಕಪ್ಪು ನೊಣ, ಸೊಳ್ಳೆ ಎರಡೂ ಮುತ್ತಿಕೊಳ್ಳುತ್ತವೆ. ಕಪ್ಪು ನೊಣ ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ ಕಚ್ಚುತ್ತದೆ, ರಕ್ತ ಬಂದ ಮೇಲೆಯೇ ಗೊತ್ತಾಗುವುದು. ತಲೆಗೆ ಹಾಕುವ ಬಲೆ ಒಂದು ಕೊಂಡುಕೊಳ್ಳಿ. ಆಗಸ್ಟ್ ನಡುವಿನಲ್ಲಿ ಜೌಗಿನಲ್ಲಿ ಬೇಕ್‌ಆಪಲ್ ಹಣ್ಣಾಗುತ್ತದೆ, ಕಿತ್ತಳೆ ಬಣ್ಣದ, ಜೇನಿನ ರುಚಿಯ ಹಣ್ಣು, ಊರಿನ ಅಂಗಡಿಗಳಲ್ಲಿ ಜಾಮ್ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಪಾರ್ಟ್ರಿಜ್‌ಬೆರಿ ಎಂಬ ಹುಳಿ ಕೆಂಪು ಹಣ್ಣು.

ಬರುವ ದಾರಿ ಎರಡು. ಡೀರ್ ಲೇಕ್ ವಿಮಾನ ನಿಲ್ದಾಣದಿಂದ ರಾಕಿ ಹಾರ್ಬರ್‌ಗೆ ಕಾರಿನಲ್ಲಿ ಒಂದು ಗಂಟೆ. ಇಲ್ಲವೇ ನೋವಾ ಸ್ಕೋಶಿಯಾದ ನಾರ್ತ್ ಸಿಡ್ನಿಯಿಂದ ಕಾರಿನ ಸಮೇತ ಹಡಗಿನಲ್ಲಿ ಸುಮಾರು ಏಳು ಗಂಟೆ, ಪೋರ್ಟ್ ಓ ಬಾಸ್ಕ್‌ನಲ್ಲಿ ಇಳಿದು ಮತ್ತೆ ಮೂರೂವರೆ ನಾಲ್ಕು ಗಂಟೆ. ಸೇಂಟ್ ಜಾನ್ಸ್‌ನಲ್ಲಿ ಓದುವ ನಮ್ಮ ಹುಡುಗರು ಒಂದೇ ದ್ವೀಪ ಅಲ್ವಾ ಅಂತ ವಾರಾಂತ್ಯಕ್ಕೆ ಹೊರಡುತ್ತಾರೆ, ಅದು ಸುಮಾರು 700 ಕಿಲೋಮೀಟರ್. ಹಗಲಲ್ಲೇ ಓಡಿಸಿ. ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ಮೂಸ್ ರಸ್ತೆಗೆ ಬರುತ್ತದೆ. ಕಾಲು ಉದ್ದ, ಮೈ ಕಪ್ಪು, ಹೆಡ್‌ಲೈಟಿನಲ್ಲಿ ಕಣ್ಣೂ ಸರಿಯಾಗಿ ಹೊಳೆಯುವುದಿಲ್ಲ, ಗುದ್ದಿದರೆ ನೇರ ಗಾಜಿನ ಮೇಲೆ ಬೀಳುತ್ತದೆ. ಜಾಡಿನಲ್ಲಿ ಎದುರಾದರೆ ದೂರ ನಿಂತು ದಾರಿ ಬಿಡಿ, ಮರಿ ಜೊತೆಗಿದ್ದರೆ ಇನ್ನೂ ದೂರ.

ಊಟದ ವಿಷಯ, ಸಸ್ಯಾಹಾರಿಗಳಿಗೆ ಕಷ್ಟ. ಊರುಗಳು ಚಿಕ್ಕವು, ಹೋಟೆಲುಗಳಲ್ಲಿ ಮೀನೇ ಮುಖ್ಯ. ಅಡುಗೆಮನೆ ಇರುವ ಮನೆ ಬಾಡಿಗೆಗೆ ತೆಗೆದುಕೊಳ್ಳಿ, ಅಕ್ಕಿ ಬೇಳೆ ಜೊತೆಗೆ ತನ್ನಿ. ಜಾಡಿಗೆ ನಮ್ಮ ಮನೆಯಲ್ಲಿ ಚಪಾತಿ, ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಬಿಸಿ ಕಾಫಿ. ಬೆಟ್ಟದ ತುದಿಗಾದರೆ ಒಣ ಕಾಲುಚೀಲ, ಉಣ್ಣೆ ಟೋಪಿ, ಗಾಳಿ ತಡೆಯುವ ಜಾಕೆಟ್ ಜುಲೈನಲ್ಲೂ ಚೀಲದಲ್ಲಿರಲಿ. ಜೀನ್ಸ್ ಮನೆಯಲ್ಲಿರಲಿ.

ಎರಡು ದಿನ ಇದ್ದವರು ಏನು ಮಾಡಬೇಕು ಅಂತ ಕೇಳಿದರೆ, ಮೊದಲ ದಿನ ಬೆಳಗ್ಗೆ ಟೇಬಲ್‌ಲ್ಯಾಂಡ್ಸ್, ಅದೇ ದಿನ ಗ್ರೀನ್ ಗಾರ್ಡನ್ಸ್, ವುಡಿ ಪಾಯಿಂಟ್‌ನಲ್ಲಿ ರಾತ್ರಿ. ಎರಡನೇ ದಿನ ಉತ್ತರಕ್ಕೆ ಬಂದು ವೆಸ್ಟರ್ನ್ ಬ್ರೂಕ್ ಪಾಂಡ್. ಮೂರನೇ ದಿನವೂ ಇದ್ದರೆ ಬೆಟ್ಟಕ್ಕೆ ಜಾಗ ಸಿಕ್ಕಿತು, ಆದರೆ ಯಾವ ದಿನ ಅನ್ನುವುದನ್ನು ಅಲ್ಲಿಗೆ ಬಂದ ಮೇಲೆ ಆಕಾಶ ನೋಡಿ ಹೇಳಿ. ಬೆಳಗ್ಗೆ ಆರಕ್ಕೆ ಎದ್ದು ರಾಕಿ ಹಾರ್ಬರ್‌ನ ರಸ್ತೆಗೆ ಬನ್ನಿ. ಅಲ್ಲಿಂದ ಬೆಟ್ಟದ ಬೋಳು ತಲೆ ಪೂರ್ತಿ ಕಾಣುತ್ತಿದ್ದರೆ, ಗಾಳಿಯೂ ಕಡಿಮೆ ಅಂತ ಹವಾಮಾನ ವರದಿ ಹೇಳಿದ್ದರೆ, ಚಪಾತಿ ಕಟ್ಟಿಕೊಂಡು ಹೊರಡಿ. ತಲೆ ಕಾಣದಿದ್ದರೆ ಕಾರು ತಿರುಗಿಸಿ ಬೇಕರ್ಸ್ ಬ್ರೂಕ್ ಕಾಡಿಗೆ ಹೋಗಿ. ಮತ್ತೆ ಊರಿಗೆ ಫೋನ್ ಮಾಡುವವರಿಗೆ ಒಂದು ಅನುಕೂಲ, ನ್ಯೂಫೌಂಡ್‌ಲ್ಯಾಂಡ್ ಸಮಯವೂ ನಮ್ಮ ಹಾಗೆ ಅರ್ಧ ಗಂಟೆಯ ಲೆಕ್ಕದ್ದು, ಬೇಸಿಗೆಯಲ್ಲಿ ಊರಿಗೂ ಇಲ್ಲಿಗೂ ಸರಿಯಾಗಿ ಎಂಟು ಗಂಟೆ ವ್ಯತ್ಯಾಸ. ಆದರೆ ಜಾಡುಗಳಲ್ಲಿ ಸಿಗ್ನಲ್ ಬಹಳ ಕಡೆ ಇರುವುದಿಲ್ಲ. ಹೊರಡುವ ಮುಂಚೆ ಯಾವ ಜಾಡು, ಎಷ್ಟು ಗಂಟೆಗೆ ವಾಪಸ್ ಅನ್ನುವುದನ್ನು ನೀವು ಉಳಿದುಕೊಂಡಿರುವ ಮನೆಯವರಿಗೆ ಹೇಳಿಯೇ ಹೋಗಿ.